ಹವಾಯಿಯನ್ ಗಿಟಾರಿನ ಲೋಕಸಂಚಾರ, ಮತ್ತು ಅಟ್ಟದಲ್ಲಿ ಬಿದ್ದ ಗಿಟಾರಿಗೆ ಒಂದು ಕೆಲಸ

ಹವಾಯಿಯನ್ ಗಿಟಾರ್ ಅಂದರೆ ಬೇರೆಯೇ ಒಂದು ವಾದ್ಯ ಅಂತ ಹೆಚ್ಚಿನವರು ತಿಳಿದಿರುತ್ತಾರೆ. ಮೂಲದಲ್ಲಿ ಅದು ನಮ್ಮ ನಿಮ್ಮ ಮನೆಯ ಸಾಮಾನ್ಯ ಗಿಟಾರೇ. ಮೂರು ಬದಲಾವಣೆ ಮಾತ್ರ. ಬೆರಳಲ್ಲಿ ಒತ್ತಿದರೂ ಫ್ರೆಟ್ಟಿಗೆ, ಅಂದರೆ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ, ತಾಗದಷ್ಟು ಎತ್ತರಕ್ಕೆ ತಂತಿಗಳನ್ನು ಏರಿಸುವುದು. ಆರೂ ತಂತಿಗಳನ್ನು ಒಟ್ಟಿಗೆ ಮೀಟಿದರೆ ಒಂದು ಕಾರ್ಡ್ (ಒಂದಕ್ಕೊಂದು ಹೊಂದುವ ಸ್ವರಗಳ ಗುಚ್ಛ) ಬರುವ ಹಾಗೆ ಶ್ರುತಿ ಮಾಡುವುದು. ಎಡಗೈ ಬೆರಳುಗಳ ಬದಲು ಒಂದು ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸುವುದು. ಗಿಟಾರ್ ತೊಡೆಯ ಮೇಲೆ ಅಂಗಾತ ಮಲಗಿರುತ್ತದೆ, ಅಷ್ಟೆ.

ಹವಾಯಿಯ ಹೊನೊಲುಲುವಿನಿಂದ ಹೊರಟದ್ದು ಈ ಮೂರು ಉಪಾಯಗಳು. ಗಿಟಾರ್ ಆಯಾ ಊರಿನಲ್ಲೇ ಸಿಕ್ಕಿತು. ಟೋಕಿಯೊ, ಕಲ್ಕತ್ತ, ನ್ಯಾಶ್‌ವಿಲ್, ಲಾಗೋಸ್ ಎಲ್ಲ ಕಡೆ ಈ ದನಿ ಅಷ್ಟು ಬೇಗ ಬೇರು ಬಿಡಲು ಇದೇ ಕಾರಣ ಅಂತ ನನ್ನ ಲೆಕ್ಕ. ಮಂಗಳೂರು, ಉಡುಪಿಯ ಅಟ್ಟಗಳಲ್ಲಿ ಕತ್ತು ಬಾಗಿ ಬಿದ್ದಿರುವ ಗಿಟಾರುಗಳಿಗೂ ಅದೇ ಉಪಾಯ ಇವತ್ತಿಗೂ ನಡೆಯುತ್ತದೆ. ಅದಕ್ಕೆ ಬೇಕಾದ ಅಳತೆ, ಸಾಮಾನು ಎಲ್ಲ ಇತಿಹಾಸದ ನಂತರ ಉಂಟು. ಅವಸರ ಇದ್ದವರು ನೇರ ಅಲ್ಲಿಗೆ ಹಾರಬಹುದು.

ದನ ಕಾಯುವವರ ಗಿಟಾರ್

ಹವಾಯಿಗೆ ಗಿಟಾರ್ ಬಂದದ್ದು ದನಗಳ ದೆಸೆಯಿಂದ. 1793ರಲ್ಲಿ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ಅಲ್ಲಿನ ರಾಜ ಒಂದನೆಯ ಕಮೆಹಮೆಹನಿಗೆ ದನಗಳನ್ನು ಉಡುಗೊರೆ ಕೊಟ್ಟ. ಅವುಗಳನ್ನು ಕೊಲ್ಲಬಾರದೆಂದು ರಾಜ ಕಟ್ಟಳೆ ಮಾಡಿದ. ಮುಂದೇನು ಹೇಳಬೇಕೆ? ದನಗಳು ಕಾಡುಪಾಲಾಗಿ, ಹಿಂಡು ಹಿಂಡಾಗಿ ಬೆಳೆ ಮೇಯತೊಡಗಿದವು. 1830ರ ದಶಕದಲ್ಲಿ ಅವನ್ನು ಹಿಡಿದು ಪಳಗಿಸಲು ಕ್ಯಾಲಿಫೋರ್ನಿಯ ಕಡೆಯಿಂದ ಸ್ಪ್ಯಾನಿಷ್ ಮಾತಾಡುವ ವಾಕೆರೊಗಳನ್ನು, ಅಂದರೆ ಕುದುರೆ ಹತ್ತಿ ದನ ಕಾಯುವವರನ್ನು ಕರೆಸಿದರು. ಗಿಟಾರ್ ಬಂದದ್ದು ಅವರ ಜೊತೆಗೆ. ಹವಾಯಿಯವರು ಅದನ್ನು ಸ್ಪೇನಿನವರ ಹಾಗೆ ನುಡಿಸಲಿಲ್ಲ. ತಂತಿಗಳನ್ನು ಸಡಿಲಿಸಿ, ಬರೀ ಮೀಟಿದರೇ ಕಾರ್ಡ್ ಬರುವಂತೆ ಮಾಡಿಕೊಂಡರು. ಸ್ಲ್ಯಾಕ್ ಕೀ ಎಂಬ ಈ ಪದ್ಧತಿ ಅಲ್ಲಿ ಈಗಲೂ ಜೀವಂತ ಇದೆ. ಸ್ಟೀಲ್ ಗಿಟಾರಿಗೆ, ಅಂದರೆ ಹವಾಯಿಯನ್ ಗಿಟಾರಿಗೆ, ಬೇಕಾದ ಅರ್ಧ ಕೆಲಸ ಅಲ್ಲಿಗೇ ಆಗಿಹೋಗಿತ್ತು.

ಉಳಿದರ್ಧ ಜೋಸೆಫ್ ಕೆಕುಕು ಎಂಬ ಹುಡುಗನದು. 1874ರಲ್ಲಿ ಓವಾಹು ದ್ವೀಪದ ಲಾಯೀ ಎಂಬ ಊರಿನಲ್ಲಿ ಹುಟ್ಟಿದವನು. ಹೊನೊಲುಲುವಿನ ಕಮೆಹಮೆಹ ಬಾಲಕರ ಶಾಲೆಯಲ್ಲಿ ಓದುತ್ತಿದ್ದಾಗ, 1889ರ ಸುಮಾರಿಗೆ, ತಂತಿಯ ಮೇಲೆ ಲೋಹ ಜಾರಿಸುವ ಪ್ರಯೋಗಕ್ಕೆ ಇಳಿದ. ರೈಲು ಹಳಿಯ ಬದಿ ಸಿಕ್ಕಿದ ಬೋಲ್ಟ್ ಎಂದು ಒಂದು ಕಥೆ, ಬಾಚಣಿಗೆ ಎಂದು ಮತ್ತೊಂದು, ಚಾಕುವಿನ ಬೆನ್ನು ಎಂದು ಮಗದೊಂದು. ಕಥೆ ಯಾವುದೇ ಇರಲಿ, ಮುಖ್ಯ ಸಂಗತಿ ಅದರ ನಂತರದ್ದು. ಶಾಲೆಯ ವರ್ಕ್‌ಶಾಪಿನಲ್ಲಿ ಅವನು ನಯವಾದ ಉಕ್ಕಿನ ಸರಳೊಂದನ್ನು ಮಾಡಿಕೊಂಡ, ಫ್ರೆಟ್ಟಿಗೆ ಬಡಿಯದ ಹಾಗೆ ತಂತಿ ಎತ್ತರಿಸಿದ, ಕೂತು ವರ್ಷಗಟ್ಟಲೆ ಸಾಧನೆ ಮಾಡಿದ, ಬೇರೆಯವರಿಗೂ ಕಲಿಸಿದ. 1904ರಲ್ಲಿ ಅಮೆರಿಕದ ಮುಖ್ಯಭೂಮಿಗೆ ಹೋದವನು ಆಮೇಲೆ ಯುರೋಪಿನಲ್ಲೂ ವರ್ಷಗಟ್ಟಲೆ ನುಡಿಸಿದ. 1932ರಲ್ಲಿ ನ್ಯೂಜೆರ್ಸಿಯಲ್ಲಿ ತೀರಿಕೊಂಡ.

ಇಲ್ಲಿ ನಮ್ಮ ಕಿವಿ ನೆಟ್ಟಗಾಗುವ ಇನ್ನೊಂದು ಹೆಸರು ಉಂಟು: ಗೇಬ್ರಿಯೆಲ್ ಡೇವಿಯನ್. ಭಾರತದಲ್ಲಿ ಹುಟ್ಟಿ, ಹಡಗಿನ ಕಪ್ತಾನನೊಬ್ಬನ ಕೈಗೆ ಸಿಕ್ಕಿ ಹವಾಯಿ ಸೇರಿದವನು. 1884ರ ಸುಮಾರಿಗೆ ಅವನು ಗಿಟಾರಿನ ತಂತಿಯ ಮೇಲೆ ಜಾರಿಸಿ ನುಡಿಸುವುದನ್ನು ಕಂಡಿದ್ದೆ ಎಂದು ಹವಾಯಿಯ ಸಂಗೀತಗಾರ ಚಾರ್ಲ್ಸ್ ಇ. ಕಿಂಗ್ ಹೇಳಿದ್ದಾರೆ. ಜಾರಿಸುವ ವಾದನ ನಮ್ಮಲ್ಲಿ ಹಳೆಯದು ಎಂಬುದರಲ್ಲಿ ಸಂಶಯ ಇಲ್ಲ. 13ನೆಯ ಶತಮಾನದ ಶಾರ್ಙ್ಗದೇವ ವರ್ಣಿಸುವ ಏಕತಂತ್ರಿ ವೀಣೆಯನ್ನು ಬಿದಿರಿನ ತುಂಡು ಜಾರಿಸಿ ನುಡಿಸುತ್ತಿದ್ದರು. ದಕ್ಷಿಣದ ಗೋಟುವಾದ್ಯ, ಈಗಿನ ಚಿತ್ರವೀಣೆ, ಅದೇ ದಾರಿಯದು: ಫ್ರೆಟ್ ಇಲ್ಲ, 21 ತಂತಿ, ಕೈಯಲ್ಲಿ ಕರಿಮರದ ತುಂಡು. ಮೈಸೂರು ಆಸ್ಥಾನದಲ್ಲಿದ್ದ ನಾರಾಯಣ ಅಯ್ಯಂಗಾರರು ಅದರ ದೊಡ್ಡ ಹೆಸರು. ಆದರೂ ಸ್ಟೀಲ್ ಗಿಟಾರ್ ಭಾರತದಿಂದಲೇ ಹೋದದ್ದು ಎಂದು ಎದೆ ತಟ್ಟಿಕೊಳ್ಳಲು ಒಬ್ಬರ ನೆನಪು ಸಾಲದು. ಡೇವಿಯನ್ ಶಿಷ್ಯರನ್ನು ಬಿಟ್ಟುಹೋದ ಸುಳಿವಿಲ್ಲ. ಕೆಕುಕುವಿನ ಹಿಂದೆ ಒಂದು ತಲೆಮಾರೇ ಎದ್ದು ನಿಂತಿತು.

ದನಿ ಸಾಲದೆ ಹುಟ್ಟಿದ್ದು

1912ರಲ್ಲಿ ನ್ಯೂಯಾರ್ಕಿನಲ್ಲಿ ಹವಾಯಿಯ ಕಥೆಯ ನಾಟಕವೊಂದು ರಂಗಕ್ಕೆ ಬಂದು, ಅದರ ಸಂಗೀತಗಾರರು ಊರೂರು ತಿರುಗಿದರು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪನಾಮ-ಪೆಸಿಫಿಕ್ ಮಹಾಪ್ರದರ್ಶನ ನಡೆಯಿತು. ಬಂದ ಜನ 1 ಕೋಟಿ 80 ಲಕ್ಷಕ್ಕೂ ಹೆಚ್ಚು. ಹವಾಯಿ ಮಂಟಪದಲ್ಲಿ ದಿನಾ ಸ್ಟೀಲ್ ಗಿಟಾರ್. ಅಲ್ಲಿಂದ ಅಮೆರಿಕದಲ್ಲಿ ಅದರ ಹುಚ್ಚೇ ಹಿಡಿಯಿತು. ಹೊನೊಲುಲುವಿನ ಪೋರ್ಚುಗೀಸ್ ಮೂಲದ ಫ್ರಾಂಕ್ ಫೆರೇರ ಒಬ್ಬರೇ ನೂರಾರು ಧ್ವನಿಮುದ್ರಿಕೆ ಮಾಡಿದರು.

ತೊಡಕು ಒಂದೇ: ಗಿಟಾರ್ ಮಲಗಿದರೆ ಅದರ ದನಿ ಜನರ ಕಡೆಗಲ್ಲ, ಮಾಡಿನ ಕಡೆಗೆ ಹೋಗುತ್ತದೆ. ಸ್ಯಾಕ್ಸೊಫೋನ್, ಟ್ರಂಪೆಟ್‌ಗಳ ನಡುವೆ ಕೇಳುವುದೇ ಇಲ್ಲ. ಈ ಒಂದು ತಾಪತ್ರಯ ಗಿಟಾರಿನ ಚರಿತ್ರೆಯನ್ನೇ ತಿರುಗಿಸಿತು. ಲಾಸ್ ಏಂಜಲಿಸ್‌ನಲ್ಲಿ ನೆಲೆಸಿದ ಜರ್ಮನ್ ಕುಶಲಕರ್ಮಿ ಹರ್ಮನ್ ವೈಸೆನ್‌ಬಾರ್ನ್ ಕತ್ತನ್ನೂ ಟೊಳ್ಳಾಗಿಸಿ ಗಾಳಿಪೆಟ್ಟಿಗೆ ದೊಡ್ಡದು ಮಾಡಿದರು. ಮರ ಹವಾಯಿಯ ಕೋವಾ. (ಕೋವಾ ಅಕೇಶಿಯ ಜಾತಿಯದು. ನಮ್ಮ ಗುಡ್ಡಗಳಲ್ಲಿ ಅರಣ್ಯ ಇಲಾಖೆ ಬೆಳೆಸಿದ ಅಕೇಶಿಯಕ್ಕೆ ದಾಯಾದಿ. ವಾದ್ಯಕ್ಕೆ ಆದೀತೇ ಎಂದು ನಮ್ಮ ಬಡಗಿಗಳು ಯಾಕೆ ನೋಡಿಲ್ಲವೋ.) 1927ರಲ್ಲಿ ಜಾನ್ ಡೊಪ್ಯೆರ ಮತ್ತು ಜಾರ್ಜ್ ಬೋಶಾಂಪ್ ಸೇರಿ, ಬ್ರಿಡ್ಜಿನ (ಪೆಟ್ಟಿಗೆಯ ಮೇಲೆ ತಂತಿಗಳನ್ನು ಹೊರುವ ತುಂಡಿನ) ಕೆಳಗೆ ಮೂರು ತೆಳು ಅಲ್ಯೂಮಿನಿಯಂ ಶಂಕುಗಳಿರುವ ನ್ಯಾಷನಲ್ ಗಿಟಾರ್ ತಂದರು. ಮರುವರ್ಷ ಡೊಪ್ಯೆರ ಸೋದರರು ಒಂದೇ ಶಂಕುವಿನ ಡೋಬ್ರೊ ಮಾಡಿದರು. ಅದೂ ಸಾಲದೆ ಬೋಶಾಂಪ್ ವಿದ್ಯುತ್ತಿಗೆ ಕೈ ಹಾಕಿದರು. ತಂತಿಯ ಸುತ್ತ ಕುದುರೆ ಲಾಳದ ಆಕಾರದ ಅಯಸ್ಕಾಂತ, ಕೆಳಗೆ ತಾಮ್ರದ ಸುರುಳಿ. ತಂತಿ ಕಂಪಿಸಿದರೆ ಸುರುಳಿಯಲ್ಲಿ ಕರೆಂಟು. 1932ರಲ್ಲಿ ಮಾರುಕಟ್ಟೆಗೆ ಬಂದ ಇದೇ ರಿಕೆನ್‌ಬ್ಯಾಕರ್ ‘ಫ್ರೈಯಿಂಗ್ ಪ್ಯಾನ್’. ಅಡಿಯಿಂದ ಮುಡಿವರೆಗೆ ಎರಕದ ಅಲ್ಯೂಮಿನಿಯಂ. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ವೇದಿಕೆಯ ದೀಪದ ಬಿಸಿಗೆ ಅಲ್ಯೂಮಿನಿಯಂ ಹಿಗ್ಗಿ ಶ್ರುತಿ ಕೆಡುತ್ತಿದ್ದುದರಿಂದ ಬೇಕಲೈಟ್ ಎಂಬ ಪ್ಲಾಸ್ಟಿಕ್ಕಿನ ಮಾದರಿಯೂ ಬಂತು.

ವ್ಯಾಪಾರಕ್ಕೆ ಬಂದು ನಿಂತ ಮೊದಲ ಎಲೆಕ್ಟ್ರಿಕ್ ಗಿಟಾರ್ ಹವಾಯಿಯನ್ ಗಿಟಾರ್ ಎಂಬುದನ್ನು ರಾಕ್ ಗಿಟಾರ್ ಹಿಡಿದ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ದೊಡ್ಡ ತಯಾರಕ ಲಿಯೊ ಫೆಂಡರ್ ಕೂಡ ಮೊದಲು ಮಾರಿದ್ದು ತೊಡೆಯ ಮೇಲಿನ ಲ್ಯಾಪ್ ಸ್ಟೀಲನ್ನೇ. ಸ್ಟ್ರಾಟೊಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್ ರೂಪಿಸುವಾಗ ಅವರ ಜೊತೆ ಕೂತ ಫ್ರೆಡ್ಡಿ ಟವಾರೆಸ್ ಹವಾಯಿಯ ಮಾವಿ ದ್ವೀಪದ ಸ್ಟೀಲ್ ವಾದಕ.

ಅಮೆರಿಕದ ಹಳ್ಳಿಗಾಡಿನ ಸಂಗೀತಕ್ಕೆ ಹೋದ ಕವಲು ಎಲ್ಲಕ್ಕಿಂತ ದಪ್ಪ. ಹತ್ತು ತಂತಿ ಹಾಕಿ, ಕಾಲಲ್ಲಿ ಪೆಡಲ್ ಒತ್ತಿ ಮೀಟಿದ ತಂತಿಯನ್ನು ಅಲ್ಲೇ ಏರಿಸುವ ಪೆಡಲ್ ಸ್ಟೀಲ್ ಆಯಿತು. ದನಿ ನಿಲ್ಲುವ ಮೊದಲೇ ಪೆಡಲ್ ಒತ್ತಿ ಒಂದು ಕಾರ್ಡನ್ನು ಇನ್ನೊಂದಾಗಿ ಕರಗಿಸುವ ಬಡ್ ಐಸಾಕ್ಸ್‌ರ ಶೈಲಿ 1954ರಲ್ಲಿ ಹೆಸರಾದ ಮೇಲೆ ಕಂಟ್ರಿ ಹಾಡೆಂದರೆ ಆ ಅಳುದನಿ ಎಂದಾಯಿತು. ಕಪ್ಪು ಜನರ ಹೌಸ್ ಆಫ್ ಗಾಡ್ ಚರ್ಚಿನಲ್ಲಿ 1930ರ ದಶಕದಿಂದ ಆರ್ಗನ್ನಿನ ಜಾಗದಲ್ಲಿ ಸ್ಟೀಲ್ ಗಿಟಾರ್ ಬಂತು. ನೈಜೀರಿಯದ ಕಿಂಗ್ ಸನ್ನಿ ಅಡೆ ಜುಜು ಎಂಬ ಅಲ್ಲಿನ ಜನಪ್ರಿಯ ಸಂಗೀತದ ತಮ್ಮ ತಂಡಕ್ಕೆ ಪೆಡಲ್ ಸ್ಟೀಲ್ ಸೇರಿಸಿಕೊಂಡರು. ಜಪಾನಿಗೆ ಹೊನೊಲುಲುವಿನಲ್ಲೇ ಹುಟ್ಟಿದ ಹೈದಾ ಸೋದರರು ಒಯ್ದರು. ಯುದ್ಧದ ಕಾಲದಲ್ಲಿ ಶತ್ರುಸಂಗೀತ ಎಂದು ಅದು ಅಲ್ಲಿ ಮೂಲೆಗುಂಪಾಯಿತು, ಯುದ್ಧ ಮುಗಿದ ಮೇಲೆ ಇಮ್ಮಡಿಯಾಗಿ ಎದ್ದಿತು. ಬ್ಲೂಸ್‌ನ (ಅಮೆರಿಕದ ಕಪ್ಪು ಜನರ ಸಂಗೀತದ) ಸ್ಲೈಡ್, ಅಂದರೆ ಜಾರಿಸುವ ಗಿಟಾರ್ ವಾದನ, ಮಾತ್ರ ವಾದದ ವಿಷಯ. ಆಫ್ರಿಕದ ಒಂಟಿತಂತಿ ವಾದ್ಯದ ನೆನಪೋ ಹವಾಯಿಯ ಪ್ರಭಾವವೋ ಎಂದರೆ, ಎರಡೂ ಸೇರಿದ್ದು ಎನ್ನುವುದೇ ಸರಿ.

ಕಲ್ಕತ್ತದ ದಾರಿ

ಭಾರತದಲ್ಲಿ ಅದರ ತವರು ಕಲ್ಕತ್ತ. ಸಮೋವಾದಲ್ಲಿ ಹುಟ್ಟಿ ಹವಾಯಿಯಲ್ಲಿ ಬೆಳೆದ ಟಾವ್ ಮೋ ಏಷ್ಯ ಸುತ್ತುತ್ತ 1940ರ ದಶಕದಲ್ಲಿ ಕುಟುಂಬ ಸಮೇತ ಅಲ್ಲಿ ನೆಲೆಸಿದ್ದರು, ಹೋಟೆಲುಗಳಲ್ಲಿ ನುಡಿಸಿದರು, ಕಲಿಸಿದರು. ಅವರಿಂದ ಕಲಿತ ಗಾರ್ನಿ ನಿಸ್ ಅಲೋಹಾ ಬಾಯ್ಸ್ ತಂಡ ನಡೆಸಿದರು. ಕವಿ ನಜ್ರುಲ್ ಇಸ್ಲಾಮರ ಮಗ ಕಾಜಿ ಅನಿರುದ್ಧ, ಬಟುಕ್ ನಂದಿ, ಸುನಿಲ್ ಗಂಗೂಲಿ, ಬೊಂಬಾಯಿಯಲ್ಲಿ ಲಖನೌ ಮೂಲದ ವ್ಯಾನ್ ಶಿಪ್ಲಿ: ಚಿತ್ರಗೀತೆಗಳ ವಾದ್ಯರೂಪ ಎಂದರೆ ಸ್ಟೀಲ್ ಗಿಟಾರ್ ಎನ್ನುವಷ್ಟು ರೆಕಾರ್ಡುಗಳು ಬಂದವು. ಆಮೇಲೆ ಕೀಬೋರ್ಡ್ ಬಂದು ಈ ಕೆಲಸವನ್ನೆಲ್ಲ ನುಂಗಿತು.

ಶಾಸ್ತ್ರೀಯದ ಕಡೆ ತಿರುಗಿಸಿದವರು ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ. ಅಲಿ ಅಕ್ಬರ್ ಖಾನರ ಶಿಷ್ಯರು. 1967ರಲ್ಲಿ ಶಿವಕುಮಾರ ಶರ್ಮ, ಹರಿಪ್ರಸಾದ್ ಚೌರಾಸಿಯರ ಜೊತೆ ಮಾಡಿದ ‘ಕಾಲ್ ಆಫ್ ದ ವ್ಯಾಲಿ’ ಕೇಳದ ಹಿಂದೂಸ್ತಾನಿ ಪ್ರೇಮಿ ಕಡಮೆ. ವಿಶ್ವಮೋಹನ ಭಟ್ ಮೀಟದೆ ತಾವಾಗಿ ಅನುರಣಿಸುವ ತರಬ್ ತಂತಿಗಳನ್ನು ಸೇರಿಸಿ ಮೋಹನ ವೀಣೆ ಮಾಡಿದರು, ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆಗಿನ ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪಡೆದರು. ದೇವಾಶಿಷ್ ಭಟ್ಟಾಚಾರ್ಯ ತಮ್ಮದೇ ಚತುರಂಗಿ, ಗಂಧರ್ವಿ, ಆನಂದಿ ಎಂಬ ಮೂರು ವಾದ್ಯ ರೂಪಿಸಿದ್ದಾರೆ. ನಮ್ಮವರಿಗೆ ಇದು ಇಷ್ಟು ಒಗ್ಗಿದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಸಾಮಾನ್ಯ ಗಿಟಾರಿನಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಂದರೆ ತಂತಿಯನ್ನು ಅಡ್ಡಕ್ಕೆ ಎಳೆದು ಸಿಗುವ ಎರಡು ಮೂರು ಸ್ವರದ ಅಂತರ. ಇಲ್ಲಿ ಸರಳು ಮೇಲಿನ ಷಡ್ಜದಿಂದ ಮಂದ್ರದವರೆಗೂ ತಡೆಯಿಲ್ಲದೆ ಇಳಿಯುತ್ತದೆ.

ಅಟ್ಟದ ಗಿಟಾರನ್ನು ಇಳಿಸಿ

ಕರಾವಳಿಯ ಮಳೆಗಾಲ ಗಿಟಾರಿನ ಕತ್ತನ್ನು ಬಾಗಿಸುತ್ತದೆ. ತಂತಿ ಫ್ರೆಟ್ಟಿನಿಂದ ಮೇಲೆದ್ದು, ಒತ್ತಿ ಒತ್ತಿ ಬೆರಳು ಹುಣ್ಣಾಗಿ, ಕೊನೆಗೆ ಗಿಟಾರ್ ಅಟ್ಟ ಸೇರುತ್ತದೆ. ಹವಾಯಿಯನ್ ವಾದನಕ್ಕೆ ಇದು ದೋಷವೇ ಅಲ್ಲ, ತಂತಿ ಹೇಗೂ ಮೇಲೆಯೇ ಇರಬೇಕು. ಫ್ರೆಟ್ ಸವೆದಿದ್ದರೂ ತೊಂದರೆ ಇಲ್ಲ, ಅವು ಬರೀ ಗೆರೆಗಳು. ನೋಡಬೇಕಾದ್ದು ಬೇರೆ. ಬ್ರಿಡ್ಜಿನ ಹಿಂಬದಿಗೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ. ಎರಡು ಮೂರು ಮಿ.ಮೀ.ಗಿಂತ ಒಳಗೆ ಹೋದರೆ ಅಂಟು ಬಿಟ್ಟಿದೆ. ಅದನ್ನು ಪೂರ್ತಿ ಬಿಡಿಸಿ, ಹಳೆ ಅಂಟು ಕೆರೆದು ತೆಗೆದು, ಹೊಸ ಅಂಟಿನಿಂದ ಮತ್ತೆ ಕೂರಿಸಿ, ಕ್ಲ್ಯಾಂಪ್ ಹಾಕಿ 24 ಗಂಟೆ ಬಿಡಬೇಕು. ಬಡಗಿಗಳು ಬಳಸುವ ಸಾಮಾನ್ಯ ಬಿಳಿ ಅಂಟು ಶೀಟಿನ ಮಾಡಿನ ಕೆಳಗಿನ ಸೆಕೆಗೆ, ತಂತಿಯ ನಿರಂತರ ಎಳೆತಕ್ಕೆ ನಿಧಾನ ಜಾರುತ್ತದೆ ಎಂಬುದು ನೆನಪಿರಲಿ. ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಝರ್ ಎಂದರೆ ಒಳಗಿನ ಪಟ್ಟಿ ಕಳಚಿದೆ. ನೈಲಾನ್ ತಂತಿಯ ಗಿಟಾರಾದರೆ ಈ ಕೆಲಸಕ್ಕೆ ಬೇಡ. ನೈಲಾನ್ ಮೇಲೆ ಸರಳು ಮೊಳಗುವುದಿಲ್ಲ, ಅದಕ್ಕೆ ಉಕ್ಕಿನ ತಂತಿ ಕಟ್ಟಿದರೆ ಬ್ರಿಡ್ಜ್ ಕಿತ್ತು ಬರುತ್ತದೆ.

ತಂತಿ ಎತ್ತರಿಸಲು ಎಕ್ಸ್‌ಟೆನ್ಶನ್ ನಟ್ ಸಿಗುತ್ತದೆ. ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊರುವ ಪಟ್ಟಿಯಾದ ನಟ್ಟಿನ ಮೇಲೆ ಕವಚದ ಹಾಗೆ ಕೂರುವ ಲೋಹದ ತುಂಡು, ಅಂಟು ಬೇಡ, ತಂತಿಯ ಒತ್ತಡವೇ ಹಿಡಿದುಕೊಳ್ಳುತ್ತದೆ. ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಎಲ್-ಆ್ಯಂಗಲ್ ಕತ್ತರಿಸಿ ಮಾಡಬಹುದು. ಮೊದಲ ಫ್ರೆಟ್ಟಿನ ಮೇಲೆ ತಂತಿಯ ತಳಕ್ಕೆ 9ರಿಂದ 10 ಮಿ.ಮೀ. ಜಾಗ ಇರಬೇಕು. 6 ಮಿ.ಮೀ. ಮಾಡಿದರೆ ಜೋರಾಗಿ ಜಾರುವಾಗ ಸರಳು ಫ್ರೆಟ್ಟಿಗೆ ಟಕ್ ಎಂದು ಬಡಿಯುತ್ತದೆ. ಅದರಲ್ಲಿ ತಂತಿ ಕೂರುವ ಸೀಳಿನ ಆಳ ತಂತಿಯ ಅರ್ಧ ದಪ್ಪ ಸಾಕು. ಆರೂ ತಂತಿಗಳ ಮೇಲ್ಮೈ ಒಂದೇ ಮಟ್ಟದಲ್ಲಿರಬೇಕು. ಇದನ್ನೇ ಎಲ್ಲರೂ ಮರೆಯುವುದು. ಸಾಮಾನ್ಯ ಗಿಟಾರಿನ ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿ ಕೂರುವ ಸಪೂರ ಪಟ್ಟಿ) ನಡುವೆ ಉಬ್ಬಿರುತ್ತದೆ. ಅದನ್ನು ಹಾಗೇ ಬಿಟ್ಟರೆ ನೇರ ಸರಳು ಮೂರನೆಯ, ನಾಲ್ಕನೆಯ ತಂತಿಗೆ ತಾಗಿ ಅಂಚಿನವಕ್ಕೆ ತಾಗದೆ ಕಿರುಗುಡುತ್ತದೆ. ಹೊಸದೊಂದು ಸ್ಯಾಡಲನ್ನು ಚಪ್ಪಟೆಗೆ ಅರ ಹಾಕಿ ಕೂರಿಸಿ, ಎತ್ತರ ಹಳೆಯದಕ್ಕಿಂತ 2–3 ಮಿ.ಮೀ. ಮಾತ್ರ ಹೆಚ್ಚಿರಲಿ. ಇನ್ನೂ ಏರಿಸಿದರೆ ಅದು ಮುಂದಕ್ಕೆ ವಾಲಿ ಬ್ರಿಡ್ಜಿನ ಸೀಳಿಕೆ ಒಡೆಯುತ್ತದೆ.

ಸರಳಿಗೆ ಅಮೆಜಾನ್ ಹುಡುಕುವ ಮುಂಚೆ ಬೈಕಂಪಾಡಿಯದೋ ಮಣಿಪಾಲದ ಕೈಗಾರಿಕಾ ಪ್ರದೇಶದ್ದೋ ಒಂದು ಲೇತ್ ಅಂಗಡಿಗೆ ಹೋಗಿ. ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿ ರಾಡ್, 19 ಮಿ.ಮೀ. ದಪ್ಪ, 80 ಮಿ.ಮೀ. ಉದ್ದ, ಒಂದು ತುದಿ ಅರ್ಧಗೋಲ, ಇನ್ನೊಂದು ತುದಿ ಚಪ್ಪಟೆ, ಅಂಚು ಮೊಂಡು. ತೂಕ 180 ಗ್ರಾಂ ಹತ್ತಿರ ಬರುತ್ತದೆ. ಕಡಲ ಬದಿಯವರಿಗೆ 316 ದರ್ಜೆ ಒಳ್ಳೆಯದು, ಉಪ್ಪುಗಾಳಿಗೆ 304ಕ್ಕಿಂತ ತಡೆಯುತ್ತದೆ. ಲೇತಿನ ಟೂಲ್ ಬಿಟ್ಟ ಸಪೂರ ಗೆರೆಗಳು ಹಾಗೇ ಉಳಿದರೆ ಪ್ರತಿ ಜಾರಿಕೆಯಲ್ಲೂ ಚರ್ ಎನ್ನುತ್ತದೆ. ಲೇತಿನಲ್ಲಿ ತಿರುಗುತ್ತಿರುವಾಗಲೇ 400, 800, 1200, 2000 ನಂಬರಿನ ಎಮರಿ ಕಾಗದ ಒಂದಾದ ಮೇಲೊಂದು ಹಿಡಿದು, ಕೊನೆಗೆ ಬಫ್ ಮಾಡಿಸಿ. ಉಗುರನ್ನು ಉದ್ದುದ್ದಕ್ಕೆ ಎಳೆದರೆ ಎಲ್ಲೂ ತಡೆಯಬಾರದು. ಟೊಳ್ಳು ಪೈಪ್ ಬೇಡ, ಹಗುರ ಸರಳಿನಲ್ಲಿ ದನಿ ಬೇಗ ಸಾಯುತ್ತದೆ.

ಶ್ರುತಿಗೆ ಆರಂಭದಲ್ಲಿ ಓಪನ್ ಡಿ ಹಿಡಿಯಿರಿ. ತೋರ ತಂತಿಯಿಂದ ಸಪೂರದ ಕಡೆಗೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಮ್ಮ ಲೆಕ್ಕದಲ್ಲಿ ಸ ಪ ಸ ಗ ಪ ಸ, ಯಕ್ಷಗಾನದವರ ಮಾತಿನಲ್ಲಿ ಬಿಳಿ ಎರಡರ ಶ್ರುತಿ. ಸಾಮಾನ್ಯ ಶ್ರುತಿಗೆ (ಇ, ಎ, ಡಿ, ಜಿ, ಬಿ, ಇ) ಹೋಲಿಸಿದರೆ ಇಲ್ಲಿ ಯಾವ ತಂತಿಯೂ ಮೇಲೆ ಹೋಗುವುದಿಲ್ಲ, ಹಳೆ ಗಿಟಾರಿಗೆ ಅಪಾಯ ಇಲ್ಲ. ಹಲವರು ಬಳಸುವ ಎ ಮೇಜರ್ ಶ್ರುತಿಯಲ್ಲಿ, ಅಂದರೆ ಇ, ಎ, ಇ, ಎ, ಸಿ ಶಾರ್ಪ್, ಇ, ಮೂರು ತಂತಿಗಳನ್ನು ಎರಡೆರಡು ಅರೆಸ್ವರ ಏರಿಸಬೇಕು. ಎರಡು ಅರೆಸ್ವರ ಏರಿಸಿದರೆ ತಂತಿಯ ಎಳೆತ 26 ಶೇಕಡ ಹೆಚ್ಚುತ್ತದೆ. ಅಂಟು ಬಿಡುವ ಬ್ರಿಡ್ಜುಗಳು ಬಿಡುವುದು ಇಂಥಲ್ಲಿ. ಓಪನ್ ಡಿಗೆ 13–56 ಸೆಟ್ ಹಾಕಿ: 13, 17, 26, 35, 45, 56 (ಇಂಚಿನ ಸಾವಿರದ ಪಾಲಿನಲ್ಲಿ ತಂತಿಗಳ ದಪ್ಪ). ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 10 ಅಥವಾ 11ರ ಸೆಟ್ ಇಳಿಸಿದ ಶ್ರುತಿಯಲ್ಲಿ ಸಡಿಲವಾಗಿ, ಸರಳಿನ ಭಾರಕ್ಕೇ ಬಗ್ಗುತ್ತದೆ.

ಮತ್ತೊಂದು ಗುಟ್ಟು ಮೂರನೆಯ ತಂತಿಯದು (ತಂತಿಗಳನ್ನು ಎಣಿಸುವುದು ಸಪೂರದ ಕಡೆಯಿಂದ). ಟ್ಯೂನರ್ ಆ್ಯಪ್ ಹಸಿರು ತೋರಿಸಿದರೂ ಆರೂ ತಂತಿ ಮೀಟಿದಾಗ ಗಾಂಧಾರ ಕಚ್ಚುತ್ತದೆ. ಆ್ಯಪಿನದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಶ್ರುತಿ. ತಂಬೂರಿಯಲ್ಲಿ ಕೇಳುವ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಕೆಳಗೆ (ಒಂದು ಅರೆಸ್ವರಕ್ಕೆ 100 ಸೆಂಟ್). ಎಫ್ ಶಾರ್ಪನ್ನು ಅಷ್ಟು ಇಳಿಸಿ, ಅಲುಗಾಟ ನಿಂತು ಕಾರ್ಡ್ ಗಟ್ಟಿಯಾಗಿ ಕೂರುತ್ತದೆ. ತಂಬೂರಿಗೆ ಪಳಗಿದ ಕಿವಿಯವರು ಆ್ಯಪ್ ಮುಚ್ಚಿಟ್ಟೇ ಇದನ್ನು ಮಾಡುತ್ತಾರೆ.

ಕೈ ಇಡುವ ಕ್ರಮ

ಸರಳಿನ ಮೇಲೆ ತೋರುಬೆರಳು ಉದ್ದಕ್ಕೆ, ಬದಿಗಳಲ್ಲಿ ಹೆಬ್ಬೆರಳು ಮತ್ತು ನಡುಬೆರಳು. ಉಂಗುರ ಬೆರಳು, ಕಿರುಬೆರಳು ಸರಳಿನ ಹಿಂದೆ ತಂತಿಗಳ ಮೇಲೆ ಹಗುರವಾಗಿ ಮಲಗಿರಬೇಕು. ಅವು ಎದ್ದರೆ ಸರಳಿನಿಂದ ನಟ್ಟಿನವರೆಗಿನ ತಂತಿಯ ತುಂಡೂ ಮೊಳಗಿ, ಎಲ್ಲಿಂದಲೋ ಅಪಸ್ವರ ಬರುತ್ತದೆ. ಕಲಿಯುವವರ ಹತ್ತು ದೂರುಗಳಲ್ಲಿ ಎಂಟರ ಮೂಲ ಇದು. ಒತ್ತಬೇಡಿ, ಸರಳಿನ ಭಾರ ಸಾಕು.

ಸರಳಿನ ನಡು ಫ್ರೆಟ್ಟಿನ ಗೆರೆಯ ಮೇಲೆಯೇ ಬರಬೇಕು. ಬೆರಳಲ್ಲಿ ನುಡಿಸುವವರಿಗೆ ಫ್ರೆಟ್ಟಿನ ಹಿಂದೆ ಒತ್ತುವ ರೂಢಿ, ಆ ಅಭ್ಯಾಸ ಬಿಡಲು ಸಮಯ ಹಿಡಿಯುತ್ತದೆ. ತಂತಿ ಗೆರೆಯಿಂದ 10 ಮಿ.ಮೀ. ಮೇಲಿರುವುದರಿಂದ ಕಣ್ಣೂ ಮೋಸ ಮಾಡುತ್ತದೆ. ಬಲಬದಿಯಿಂದ 30 ಡಿಗ್ರಿ ಓರೆಯಾಗಿ ನೋಡಿದರೆ ಸರಳು ಸುಮಾರು 6 ಮಿ.ಮೀ. ಆಚೆ ಕಾಣುತ್ತದೆ. ನಟ್ಟಿನಿಂದ ಬ್ರಿಡ್ಜಿಗೆ 650 ಮಿ.ಮೀ. ಇರುವ ಗಿಟಾರಿನಲ್ಲಿ ಮೊದಲ ಫ್ರೆಟ್ಟುಗಳ ಹತ್ತಿರ ಅದು 16 ಸೆಂಟಿನಷ್ಟು ತಪ್ಪು. ಹನ್ನೆರಡನೆಯ ಫ್ರೆಟ್ಟಿನಾಚೆ ಒಂದೊಂದು ಮಿ.ಮೀ.ಗೂ 5 ಸೆಂಟ್‌ಗಿಂತ ಹೆಚ್ಚು ವ್ಯತ್ಯಾಸ. ಆದ್ದರಿಂದ ಕೆಳಗಿನ ಸ್ವರಗಳಿಗೆ ತಲೆ ಎಡಕ್ಕೆ ಸರಿಸಿ ನೇರ ಮೇಲಿಂದ ನೋಡಿ. ಮೇಲಿನವಕ್ಕೆ ಕಿವಿಯೇ ಗತಿ.

ಬಲಗೈಗೆ ಹೆಬ್ಬೆರಳಿಗೊಂದು ಪ್ಲಾಸ್ಟಿಕ್ ಪಿಕ್ (ಮೀಟಲು ಬೆರಳಿಗೆ ತೊಡುವ ಉಗುರು), ತೋರು ಮತ್ತು ನಡುಬೆರಳಿಗೆ ಲೋಹದವು. ಪ್ಲಾಸ್ಟಿಕ್ ಬಿಗಿಯಾದರೆ ಬಿಸಿನೀರಲ್ಲಿ ಅದ್ದಿ ಅಗಲಿಸಬಹುದು. ಒಂದು ತಂತಿ ಮೀಟಿ ಇನ್ನೊಂದಕ್ಕೆ ಹೋಗುವಾಗ ಹಿಂದಿನದನ್ನು ಅಂಗೈಯ ಬದಿಯಿಂದ ನಿಲ್ಲಿಸಬೇಕು, ಇಲ್ಲದಿದ್ದರೆ ರಾಗವೆಲ್ಲ ಕಲಸುಮೇಲೋಗರ. ಮೊದಲ ಪಾಠಕ್ಕೆ ಮೋಹನ ಸಾಕು. ಮೊದಲ ತಂತಿಯಲ್ಲಿ ಖಾಲಿ ಸ, 2ರಲ್ಲಿ ರಿ, 4ರಲ್ಲಿ ಗ, 7ರಲ್ಲಿ ಪ, 9ರಲ್ಲಿ ದ, 12ರಲ್ಲಿ ಮೇಲಿನ ಸ. ಮೊದಲು ಪ್ರತಿ ಸ್ವರಕ್ಕೂ ಸರಳು ಎತ್ತಿ ಇಟ್ಟು ನುಡಿಸಿ, ನೇರ ಇಟ್ಟು ಶ್ರುತಿಗೆ ಬಂದ ಮೇಲೆಯೇ ಜಾರಿಸಿ. ಎಲ್ಲವನ್ನೂ ಜಾರಿಸುವುದು ಆರಂಭದ ಚಪಲ, ಕೇಳುವವರಿಗೆ ಮಂಡೆಬಿಸಿ. ವೈಬ್ರೇಟೊ ಕೂಡ ಸ್ವರ ಸಿಕ್ಕಿದ ಮೇಲಿನ ಮಾತು. ಸ್ವರದ ಎರಡೂ ಬದಿಗೆ ಒಂದೆರಡು ಮಿ.ಮೀ. ಮಾತ್ರ, ನಿಧಾನಕ್ಕೆ.

ತುಕ್ಕು, ತೇವ, ಕರೆಂಟು

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ. ಉಳ್ಳಾಲ, ಮಲ್ಪೆಯಂಥ ಕಡೆ ಅದರ ಮೇಲೆ ಉಪ್ಪುಗಾಳಿ. ಬೆರಳಲ್ಲಿ ನುಡಿಸುವವರು ಸ್ವಲ್ಪ ತುಕ್ಕು ಹಿಡಿದ ತಂತಿಯಲ್ಲಿ ಸುಧಾರಿಸಿಯಾರು, ಸರಳಿಗೆ ಅದು ಆಗದು. ಪ್ರತಿ ಚುಕ್ಕೆಯೂ ಚರಚರ ಎಂದು ಕೇಳುತ್ತದೆ, ಪಾಲಿಶ್ ಮಾಡಿದ ಸರಳಿಗೂ ಗೀರು ಬೀಳುತ್ತದೆ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಯ ಅಡಿಭಾಗವನ್ನೂ ಒರೆಸಿ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ, ಇದ್ದೂ ಇಲ್ಲದ ಹಾಗೆ ಸವರಿದರೆ ಇನ್ನೂ ಒಳ್ಳೆಯದು. ಲೇಪನ ಇರುವ ತಂತಿ ಹೆಚ್ಚು ಬಾಳುತ್ತದೆ, ಆದರೆ ಲೋಹದ ಪಿಕ್ ತಾಗುವಲ್ಲಿ ಲೇಪನ ನಾರಾಗಿ ಏಳುತ್ತದೆ. ಗಿಟಾರ್ ಇಡುವ ಕೇಸಿನೊಳಗೆ ತೇವ ಹೀರುವ ನೀಲಿ ಸಿಲಿಕಾ ಜೆಲ್ 100 ಗ್ರಾಂ ಇಡಿ. ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹುರಿದು ಮತ್ತೆ ಬಳಸಬಹುದು, ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ. ಆಟಿ ತಿಂಗಳಲ್ಲಿ ನುಡಿಸದೆ ಇಡುವುದಾದರೆ ಎಲ್ಲ ತಂತಿಗಳನ್ನೂ ಎರಡು ಅರೆಸ್ವರ ಸಡಿಲಿಸಿಡಿ.

ತೇವದ ಕಾಟವೇ ಬೇಡ ಎನ್ನುವವರಿಗೆ ಕರೆಂಟಿನಲ್ಲಿ ಮೊಳಗುವ ಲ್ಯಾಪ್ ಸ್ಟೀಲ್ ಇದೆ. ಟೊಳ್ಳು ಪೆಟ್ಟಿಗೆ ಇಲ್ಲ, ಒಂದು ಗಟ್ಟಿ ಹಲಗೆ. ಮದ್ದಳೆ, ವೀಣೆಗಳಿಗೆ ಒದಗುವ ನಮ್ಮ ಹಲಸು ಇದಕ್ಕೆ ಚೆನ್ನಾಗಿಯೇ ಆಗುತ್ತದೆ: 800 ಮಿ.ಮೀ. ಉದ್ದ, 90 ಅಗಲ, 40 ದಪ್ಪ, ಚೆನ್ನಾಗಿ ಒಣಗಿದ್ದು. ಹಸಿ ಹಲಗೆ ತಿರುಚುತ್ತದೆ; ಆರು ತಂತಿಗಳ ಒಟ್ಟು ಎಳೆತ 60 ಕೆ.ಜಿ. ಹತ್ತಿರ ಬರುತ್ತದೆ. ನಟ್ಟಿನಿಂದ ಬ್ರಿಡ್ಜಿಗೆ 570 ಮಿ.ಮೀ. ಇಟ್ಟುಕೊಂಡರೆ ನಟ್ಟಿನಿಂದ ಗೆರೆಗಳ ದೂರ ಹೀಗೆ: 1ಕ್ಕೆ 32.0, 2ಕ್ಕೆ 62.2, 3ಕ್ಕೆ 90.7, 4ಕ್ಕೆ 117.6, 5ಕ್ಕೆ 143.0, 7ಕ್ಕೆ 189.6, 12ಕ್ಕೆ 285. ಉಳಿದವಕ್ಕೆ, ಬಾಕಿ ಇರುವ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಿದರೆ ಮುಂದಿನ ಗೆರೆಯ ಅಂತರ ಬರುತ್ತದೆ. ಪ್ರತಿ ಗೆರೆಯನ್ನೂ ಹಿಂದಿನ ಗೆರೆಯಿಂದ ಅಳೆಯುತ್ತ ಹೋದರೆ ಅರ್ಧರ್ಧ ಮಿ.ಮೀ. ತಪ್ಪು ಕೂಡುತ್ತ ಹೋಗುತ್ತದೆ, ಆದ್ದರಿಂದ ಎಲ್ಲವನ್ನೂ ಕೂಡಿಸಿಕೊಂಡು ನಟ್ಟಿನಿಂದಲೇ ಅಳೆಯಿರಿ. ನಟ್, ಬ್ರಿಡ್ಜ್ ಎರಡಕ್ಕೂ ಅಲ್ಯೂಮಿನಿಯಂ ಆ್ಯಂಗಲ್ ಸಾಕು. ತಂತಿಗಳ ನಡುವೆ 9 ಮಿ.ಮೀ. ತಂತಿಯ ಕಂಪನವನ್ನು ಕರೆಂಟಾಗಿಸುವ ಪಿಕಪ್ ಬ್ರಿಡ್ಜಿಗೆ ಹತ್ತಿರ ಇದ್ದಷ್ಟು ದನಿ ಚುರುಕು.

ಬ್ರಿಡ್ಜಿನ ಲೋಹಕ್ಕೆ ಒಂದು ವಯರು ಬೆಸೆದು ಜ್ಯಾಕಿನ ಗ್ರೌಂಡಿಗೆ ಸೇರಿಸಬೇಕು. ತಂತಿ ಮುಟ್ಟಿದಾಗ ಗುಂಯ್‌ಗುಡುವುದು ಕಡಮೆಯಾದರೆ ಅದು ಸರಿಯಾಗಿದೆ ಎಂದರ್ಥ. ಮುಟ್ಟಿದಾಗ ಕೈ ಜುಂ ಎಂದರೆ ಮಾತ್ರ ಕೂಡಲೆ ಪ್ಲಗ್ ತೆಗೆಯಿರಿ: ಮನೆಯ ಅರ್ತಿಂಗ್ ಸರಿ ಇಲ್ಲ ಅಥವಾ ಆಂಪ್ಲಿಫೈಯರಿನಲ್ಲಿ ಸೋರಿಕೆ ಇದೆ. ಸ್ಟೀಲ್ ಗಿಟಾರಿನವರ ಎರಡೂ ಕೈಯಲ್ಲಿ ಲೋಹ ಇರುವುದರಿಂದ ಇದು ಇತರ ಗಿಟಾರಿನವರಿಗಿಂತ ಹೆಚ್ಚು ಅಪಾಯ. ಎರಡು ಪಿನ್ನಿನ ಅಡಾಪ್ಟರ್ ಹಾಕಿ ಗುಂಯ್ ದನಿ ನಿಲ್ಲಿಸುವ ಜಾಣತನ ಬೇಡ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ತ್ ಗುಂಡಿ ನೋಡಿಸಿ. ಮೇ ಮತ್ತು ಅಕ್ಟೋಬರಿನ ಸಂಜೆ ಸಿಡಿಲಿನ ಹೊತ್ತಿಗೆ ಪ್ಲಗ್ ಹೇಗೂ ಗೋಡೆಯಿಂದ ಹೊರಗಿರಲಿ.